ಕಣ್ಣು ಕತ್ತಲಿಟ್ಟ ಹೊತ್ತಿಗೆ ನಾಡಿ ಓಡುತ್ತಿತ್ತೋ, ನಿಂತಿತ್ತೋ?

ಏಟ್ರಿಯಲ್ ಫಿಬ್ರಿಲೇಷನ್ (ಎಎಫ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಇರುವವರು ಡಾಕ್ಟರ ಮುಂದೆ ಕೂತು "ತಲೆ ಸುತ್ತುತ್ತೆ" ಅಂದರೆ ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಕೋಣೆಯೇ ಗಿರಗಿರ ತಿರುಗಿದಂತಾಗುವುದು ಒಂದು. ಅದರ ಮೂಲ ಹೆಚ್ಚಾಗಿ ಒಳಕಿವಿ. ನಡೆಯುವಾಗ ಹೆಜ್ಜೆ ನೆಲೆ ನಿಲ್ಲದೆ ಓಲಾಡುವುದು ಇನ್ನೊಂದು. ದಿನವಿಡೀ ತಲೆ ಭಾರ, ಮಂಕು, ಸುಸ್ತು ಮತ್ತೊಂದು. ಕಣ್ಣಿಗೆ ಕತ್ತಲೆ ಕವಿದು, ಸುತ್ತಲಿನ ಮಾತು ದೂರದಿಂದ ಕೇಳಿದಂತಾಗಿ, ಮೈ ತಣ್ಣಗೆ ಬೆವತು, ಮೊಣಕಾಲು ಸೋತು, "ಇನ್ನೇನು ಬಿದ್ದೆ" ಅನ್ನಿಸಿಯೂ ಬೀಳದೆ ಉಳಿಯುವುದು ನಾಲ್ಕನೆಯದು. ಇದಕ್ಕೆ ಬವಳಿ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ. ಇಲ್ಲಿ ಹೇಳಹೊರಟಿರುವುದು ಅದರ ಬಗ್ಗೆ ಮಾತ್ರ.

"ಬಿದ್ದಿಲ್ಲವಲ್ಲ, ಬಿಡಿ" ಎಂದು ಇದನ್ನು ತಳ್ಳಿಹಾಕುವವರೇ ಹೆಚ್ಚು. ಆದರೆ ಎಚ್ಚರ ತಪ್ಪುವುದಕ್ಕೂ ತಪ್ಪುವಂತಾಗಿ ಉಳಿಯುವುದಕ್ಕೂ ಒಳಗಿನ ಕಾರಣ ಒಂದೇ. ನಡುವಿನ ಅಂತರ ಕೆಲವೇ ಸೆಕೆಂಡು. ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಆದರೆ ವಿಶ್ರಾಂತಿಯಲ್ಲಿ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಶೇಕಡಾ 15ರಷ್ಟು ಅದಕ್ಕೊಂದಕ್ಕೇ ಬೇಕು, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 750 ಮಿಲಿಲೀಟರ್. ಈ ಹರಿವು ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿನಲ್ಲಿ ಎಚ್ಚರ ಹೋಗುತ್ತದೆ. ನಾಲ್ಕು ಸೆಕೆಂಡಿಗೇ ಮತ್ತೆ ಶುರುವಾದರೆ ಬವಳಿ, ಎಂಟು ಸೆಕೆಂಡಾದರೆ ನೆಲ. ಹಾಗಾಗಿ ಬಿದ್ದವರಿಗೆ ಮಾಡುವ ತಪಾಸಣೆಯನ್ನೇ ಬೀಳದೆ ಉಳಿದವರಿಗೂ ಮಾಡಬೇಕು.

ಎಎಫ್ ಇದೆ ಎಂದು ಗೊತ್ತಿದ್ದವರಿಗೆ ಬವಳಿ ಬಂದರೆ ಮನೆಯವರೆಲ್ಲರ ಮೊದಲ ಊಹೆ "ಹೃದಯ ಜೋರಾಗಿ ಓಡಿರಬೇಕು" ಎಂಬುದು. ಈ ಊಹೆ ಹಲವು ಸಲ ಸುಳ್ಳಾಗುತ್ತದೆ. ಹೃದಯ ಓಡುವಾಗಲೂ ಬವಳಿ ಬರಬಹುದು, ಓಟ ಥಟ್ಟನೆ ನಿಂತಾಗಲೂ ಬರಬಹುದು, ನಾಡಿ ತೀರಾ ನಿಧಾನವಾದಾಗಲೂ ಬರಬಹುದು; ಹೃದಯದ ಪಾಡಿಗೆ ಹೃದಯವಿದ್ದು, ಎದ್ದು ನಿಂತಾಗ ಬಿಪಿ ಇಳಿದೂ ಬರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡು. ಕಣ್ಣು ಕತ್ತಲಿಟ್ಟಿತು ಎಂದು ನಾಡಿ ನೋಡದೆ ಇನ್ನೊಂದು ಬೀಟಾ ಬ್ಲಾಕರ್ (ಹೃದಯದ ವೇಗ ತಗ್ಗಿಸುವ) ಮಾತ್ರೆ ನುಂಗುವುದು ಈ ಕಾಯಿಲೆಯಲ್ಲಿ ಮನೆಮಂದಿ ಮಾಡಬಹುದಾದ ದೊಡ್ಡ ತಪ್ಪುಗಳಲ್ಲೊಂದು.

ಓಡಿದಾಗ

ಎಎಫ್‌ನಲ್ಲಿ ಹೃದಯದ ಮೇಲಿನ ಕೋಣೆಗಳಲ್ಲಿ (ಹೃತ್ಕರ್ಣಗಳಲ್ಲಿ) ನಿಮಿಷಕ್ಕೆ 350ರಿಂದ 600 ಬಾರಿ ವಿದ್ಯುತ್ ಮಿಡಿತ ಹುಟ್ಟುತ್ತದೆ. ಅಷ್ಟೂ ಕೆಳಕ್ಕಿಳಿದರೆ ಬದುಕುವುದೇ ಕಷ್ಟ. ನಡುವೆ ಎವಿ ನೋಡ್ ಎಂಬ ಬಾಗಿಲಿದೆ; ಅದು ಬಹುಪಾಲನ್ನು ತಡೆದು ಕೆಲವನ್ನಷ್ಟೇ ಒಳಗೆ ಬಿಡುತ್ತದೆ. ಔಷಧಿ ಇಲ್ಲದಿದ್ದರೆ ಕೆಳಗಿನ ಕೋಣೆಗಳ ಬಡಿತ ಸಾಮಾನ್ಯವಾಗಿ 100ರಿಂದ 160ರ ನಡುವೆ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ.

ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತಕ್ಕೆ ಸಿಗುವ ಸಮಯ 0.8 ಸೆಕೆಂಡು, ಅದರಲ್ಲಿ ಸುಮಾರು ಅರ್ಧ ಸೆಕೆಂಡು ಹೃದಯ ತುಂಬಿಕೊಳ್ಳುವುದಕ್ಕೆ. 150ಕ್ಕೆ ಏರಿದರೆ ಒಂದು ಬಡಿತಕ್ಕೆ 0.4 ಸೆಕೆಂಡು ಮಾತ್ರ. ಇಲ್ಲಿ ಕಡಿತ ಬೀಳುವುದು ಹಿಂಡುವ ಸಮಯಕ್ಕಲ್ಲ, ತುಂಬುವ ಸಮಯಕ್ಕೆ. ಕೊಡ ತುಂಬುವ ಮೊದಲೇ ಎತ್ತಿ ಸುರಿದ ಹಾಗೆ. ಇದರ ಮೇಲೆ ಹೃತ್ಕರ್ಣ ಕೊನೆಯಲ್ಲಿ ಒಮ್ಮೆ ಹಿಂಡಿ ಕಳಿಸುತ್ತಿದ್ದ ಶೇಕಡಾ 20ರಿಂದ 30ರಷ್ಟು ರಕ್ತ ಎಎಫ್‌ನಲ್ಲಿ ಬರುವುದೇ ಇಲ್ಲ. ಗೋಡೆ ಮೃದುವಾಗಿರುವ ಆರೋಗ್ಯವಂತ ಹೃದಯ ಇಷ್ಟನ್ನೂ ತಾಳಿಕೊಳ್ಳುತ್ತದೆ. ಬಹುಕಾಲದ ಬಿಪಿಯಿಂದ ಗೋಡೆ ದಪ್ಪಗಾಗಿ ಗಡಸಾದ ಹೃದಯ, ಮೈಟ್ರಲ್ ಅಥವಾ ಅಯೋರ್ಟಿಕ್ ಕವಾಟ ಕಿರಿದಾದ ಹೃದಯ ತಾಳುವುದಿಲ್ಲ.

ಹಾಗಾಗಿ ನಾಡಿ 110 ಅಥವಾ 120 ಇದ್ದಾಗಲೇ ಬವಳಿ ಬಂದರೆ ವೇಗವೊಂದನ್ನೇ ದೂರಿ ಸುಮ್ಮನಾಗಬಾರದು. ಕವಾಟ ಹೇಗಿದೆ, ಗೋಡೆ ಎಷ್ಟು ದಪ್ಪವಿದೆ ಎಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಹೇಳುತ್ತದೆ. ರಕ್ತ ಕಡಿಮೆಯಾಗಿದೆಯೇ ಎಂದು ಹಿಮೋಗ್ಲೋಬಿನ್ ಹೇಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರಿ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುತ್ತಿರಬಹುದು. ಹೃದಯ ಓಡುತ್ತಿರುವುದು ಆ ನಷ್ಟವನ್ನು ತುಂಬಿಸಲೆಂದೇ ಇರಬಹುದು. ಆಗ ಓಟಕ್ಕೆ ಕಡಿವಾಣ ಹಾಕುವ ಮಾತ್ರೆ ಹೆಚ್ಚಿಸಿದರೆ ಬಿಪಿ ಇನ್ನಷ್ಟು ಕುಸಿಯುತ್ತದೆ. ಥೈರಾಯ್ಡ್ ಹೆಚ್ಚಾಗಿದ್ದರೂ, ಜ್ವರ ಅಥವಾ ಭೇದಿಯಿಂದ ಮೈಯ ನೀರು ಬತ್ತಿದ್ದರೂ ಹೃದಯ ಹೀಗೆ ಓಡಬಹುದು.

ನಾಡಿ 200 ದಾಟಿ ಅಡ್ಡಾದಿಡ್ಡಿ ಓಡಿದರೆ ಲೆಕ್ಕವೇ ಬೇರೆ. ಹುಟ್ಟಿನಿಂದಲೇ ಎವಿ ನೋಡ್ ಅಲ್ಲದೆ ಇನ್ನೊಂದು ಕಳ್ಳದಾರಿ ಇರುವವರಲ್ಲಿ (ಡಬ್ಲ್ಯೂಪಿಡಬ್ಲ್ಯೂ, ಅಂದರೆ ವೂಲ್ಫ್–ಪಾರ್ಕಿನ್ಸನ್–ವೈಟ್ ಸಿಂಡ್ರೋಮ್) ಎಎಫ್ ಶುರುವಾದರೆ ತಡೆಯುವ ಬಾಗಿಲಿಲ್ಲದೆ ಮಿಡಿತಗಳು ನೇರ ಕೆಳಕ್ಕೆ ಧುಮುಕುತ್ತವೆ. ಇವರಿಗೆ ಎವಿ ನೋಡನ್ನು ತಡೆದು ನಾಡಿ ಇಳಿಸುವ ಬೀಟಾ ಬ್ಲಾಕರ್, ವೆರಾಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಕೊಡಕೂಡದು. ಎವಿ ನೋಡ್ ಮುಚ್ಚಿದಷ್ಟೂ ಕಳ್ಳದಾರಿಗೆ ಅನುಕೂಲ. ಬಿಪಿ ಕುಸಿದಿದ್ದರೆ ತಡಮಾಡದೆ ವಿದ್ಯುತ್ ಶಾಕ್ ಕೊಟ್ಟು ಲಯ ಸರಿಪಡಿಸುವುದೇ ದಾರಿ. ಹಿಂದೊಮ್ಮೆ ಇಸಿಜಿಯಲ್ಲಿ "ಡೆಲ್ಟಾ ತರಂಗ" (ಈ ಕಳ್ಳದಾರಿಯ ಗುರುತು) ಎಂದು ಬರೆದದ್ದಿದ್ದರೆ ಆ ಹಾಳೆಯ ಫೋಟೋ ಮೊಬೈಲಿನಲ್ಲಿ ಸದಾ ಇರಲಿ.

ಓಟ ನಿಂತಾಗ

ಬರುತ್ತಾ ಹೋಗುತ್ತಾ ಇರುವ ಎಎಫ್‌ನಲ್ಲಿ ನನ್ನ ಪ್ರಕಾರ ಅತಿ ಹೆಚ್ಚು ಕೈತಪ್ಪಿ ಹೋಗುವ ಕಾರಣ ಇದು. ಎಎಫ್ ನಡೆಯುವಷ್ಟು ಹೊತ್ತೂ ಹೃದಯದ ಸಹಜ ಲಯಗಾರ ಸೈನಸ್ ನೋಡ್ ಮೇಲೆ ಮಿಡಿತಗಳ ಸುರಿಮಳೆ. ಅದು ತನ್ನ ಸರದಿ ಬಾರದೆ ಸುಮ್ಮನಾಗಿಬಿಟ್ಟಿರುತ್ತದೆ. ಎಎಫ್ ಥಟ್ಟನೆ ನಿಂತಾಗ ಅದು ಮತ್ತೆ ಕೆಲಸ ಶುರುಮಾಡಬೇಕು. ಗಟ್ಟಿಯಿದ್ದರೆ ಒಂದೆರಡು ಸೆಕೆಂಡಿನಲ್ಲಿ ಏಳುತ್ತದೆ. ವಯಸ್ಸಾಗಿ ನಾರುಗಟ್ಟಿದ್ದರೆ ಮೂರು, ಐದು, ಕೆಲವೊಮ್ಮೆ ಎಂಟು ಸೆಕೆಂಡು ತಡಮಾಡುತ್ತದೆ. ಆ ಹೊತ್ತಿನಲ್ಲಿ ಹೃದಯ ಬಡಿಯುವುದೇ ಇಲ್ಲ. ಒಮ್ಮೆ ಅತಿ ವೇಗ, ಒಮ್ಮೆ ಅತಿ ನಿಧಾನ ಆಗುವ ಈ ಸ್ಥಿತಿಗೆ ಟ್ಯಾಕಿ–ಬ್ರಾಡಿ ಸಿಂಡ್ರೋಮ್ ಎನ್ನುತ್ತಾರೆ.

ಇದರ ಗುರುತು ಘಟನೆಗಳ ಸಾಲಿನಲ್ಲಿದೆ. ಮೊದಲು ಎದೆ ಡವಡವ. ಆಮೇಲೆ ಆ ಡವಡವ ಒಮ್ಮೆಲೇ ಇಲ್ಲವಾಗುತ್ತದೆ. ಮರುಕ್ಷಣ ಕಣ್ಣಿಗೆ ಕತ್ತಲೆ. ನಂತರ ಎದೆಯಲ್ಲಿ "ಧಡ್" ಎಂದು ಒಂದು ದೊಡ್ಡ ಬಡಿತ, ಮುಖಕ್ಕೆ ಬಿಸಿ ಏರಿದಂತಾಗಿ ಎಲ್ಲ ಸರಿ. ಡಾಕ್ಟರ ಮುಂದೆ "ಎದೆ ಹೊಡ್ಕೊಂಡು ತಲೆ ಸುತ್ತಿತು" ಎಂದಷ್ಟೇ ಹೇಳಿದರೆ ಅದು ವೇಗದ ದೂರಾಗಿ ಬರೆಯಲ್ಪಟ್ಟು, ವೇಗ ತಗ್ಗಿಸುವ ಮಾತ್ರೆ ಹೆಚ್ಚಾಗುತ್ತದೆ. ಆ ಮಾತ್ರೆ ಸೈನಸ್ ನೋಡನ್ನೂ ಮಂಕಾಗಿಸಿ ಮುಂದಿನ ನಿಲುಗಡೆಯನ್ನು ಇನ್ನಷ್ಟು ಉದ್ದ ಮಾಡುತ್ತದೆ. "ಡವಡವ ನಿಂತ ಮೇಲೆ ಕತ್ತಲಾಯಿತು" ಎಂಬ ಒಂದೇ ವಾಕ್ಯ ಇಡೀ ಚಿಕಿತ್ಸೆಯ ದಿಕ್ಕು ಬದಲಿಸಬಲ್ಲದು.

ಇಲ್ಲಿ ಡಾಕ್ಟರಿಗೂ ಇಕ್ಕಟ್ಟು. ಮಾತ್ರೆ ಕಡಿಮೆ ಮಾಡಿದರೆ ಓಟ ಜಾಸ್ತಿ, ಹೆಚ್ಚು ಮಾಡಿದರೆ ನಿಲುಗಡೆ ಜಾಸ್ತಿ. ಈ ಗಂಟು ಬಿಡಿಸಲು ಇರುವ ದಾರಿ ಎರಡು: ಪೇಸ್‌ಮೇಕರ್ ಇಟ್ಟು ಬೇಕಾದಷ್ಟು ಮಾತ್ರೆ ಕೊಡುವುದು, ಅಥವಾ ಅಬ್ಲೇಷನ್ (ಎಎಫ್ ಹುಟ್ಟಿಸುವ ಜಾಗವನ್ನು ಸುಟ್ಟು ಇಲ್ಲವೇ ಹೆಪ್ಪುಗಟ್ಟಿಸಿ ತಡೆಯುವ ಚಿಕಿತ್ಸೆ) ಮಾಡಿ ಎಎಫ್ ಬರುವುದನ್ನೇ ತಗ್ಗಿಸುವುದು. ಎಎಫ್ ಬರದಿದ್ದರೆ ಅದರ ಬಾಲ ಹಿಡಿದು ಬರುವ ನಿಲುಗಡೆಯೂ ಬರುವುದಿಲ್ಲ, ಕೆಲವರಿಗೆ ಪೇಸ್‌ಮೇಕರ್ ಬೇಕಾಗದೆಯೇ ಹೋಗಬಹುದು. ಪೇಸ್‌ಮೇಕರ್ ಎಂದ ಕೂಡಲೇ ಒಪ್ಪುವ ಅಥವಾ ಹೆದರುವ ಮೊದಲು "ನನ್ನ ವಿಷಯದಲ್ಲಿ ಅಬ್ಲೇಷನ್ ಮೊದಲು ಆಗಬಹುದೇ?" ಎಂದು ಕೇಳಿ ನೋಡಿ.

ಎಎಫ್ ಬಂದಾಗ ಮಾತ್ರ ನುಂಗುವ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರಿದ್ದಾರೆ: ಫ್ಲೆಕೈನೈಡ್ 200ರಿಂದ 300 ಮಿಲಿಗ್ರಾಂ, ಇಲ್ಲವೇ ಪ್ರೊಪಫೆನೋನ್ 450ರಿಂದ 600 ಮಿಲಿಗ್ರಾಂ, ತೂಕ ನೋಡಿ ಡಾಕ್ಟರ್ ನಿಗದಿಪಡಿಸಿದಷ್ಟು, ಒಂದೇ ಸಲ. ಮೊದಲ ಸಲ ಇದನ್ನು ಆಸ್ಪತ್ರೆಯಲ್ಲೇ, ಮಾನಿಟರ್ ಹಾಕಿಕೊಂಡು ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಕಾರಣ ಈ ನಿಲುಗಡೆಯೇ. ಬಿಪಿ ಇಳಿಯುವ ಭಯ ಜೊತೆಗಿದೆ. ಇನ್ನೊಂದು ಅಪಾಯವೂ ಉಂಟು. ಈ ಮಾತ್ರೆಗಳು ಎಎಫ್ ಅನ್ನು ನಿಧಾನಗೊಳಿಸಿ ಫ್ಲಟರ್ (ಹೃತ್ಕರ್ಣ ವೇಗವಾಗಿ, ಆದರೆ ಕ್ರಮವಾಗಿ ಮಿಡಿಯುವ ಲಯ) ಆಗಿಸಿದರೆ, ನಿಧಾನವಾದ ಮಿಡಿತಗಳಿಗೆ ಎವಿ ನೋಡ್ ತಡೆ ಹಾಕದೆ ಒಂದಕ್ಕೊಂದರಂತೆ ಎಲ್ಲವನ್ನೂ ಬಿಟ್ಟು, ನಾಡಿ 200ರ ಮೇಲೆ ಹೋಗಬಹುದು. ಅದಕ್ಕೇ ಇವುಗಳ ಜೊತೆ, ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ, ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್ ಕೊಡುತ್ತಾರೆ. ಮಾತ್ರೆ ನುಂಗಿದ ಮೇಲೆ ಡವಡವ ನಿಲ್ಲುವವರೆಗೆ, ಇಲ್ಲವೇ ನಾಲ್ಕು ಗಂಟೆ, ಕೂತೋ ಮಲಗಿಯೋ ಇರಬೇಕು. ನುಂಗಿ ಮೆಟ್ಟಿಲು ಹತ್ತುವುದು, ಗಾಡಿ ತೆಗೆಯುವುದು ಬೇಡ.

ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಇಸಿಜಿ ದಾಖಲಿಸುವ ಯಂತ್ರ) ವರದಿಯಲ್ಲಿ ರಾತ್ರಿ ಮೂರು ಗಂಟೆಗೆ ಮೂರು ಸೆಕೆಂಡಿನ ನಿಲುಗಡೆ ಕಂಡರೆ ಎದೆ ಒಡೆದುಕೊಳ್ಳಬೇಕಿಲ್ಲ. ನಿದ್ದೆಯಲ್ಲಿ ಅದು ಸಾಮಾನ್ಯ. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವವರಲ್ಲಿ ಇನ್ನೂ ಸಾಮಾನ್ಯ, ಅವರಿಗೆ ಮೊದಲು ಬೇಕಾದದ್ದು ನಿದ್ದೆಯ ಪರೀಕ್ಷೆ. ಹಗಲಿನಲ್ಲಿ, ಎಚ್ಚರವಿದ್ದಾಗ, ಬವಳಿಯ ಜೊತೆಜೊತೆಗೇ ಬಂದ ನಿಲುಗಡೆಗೇ ಬೆಲೆ ಹೆಚ್ಚು.

ನಿಧಾನವಾದಾಗ

ಸದಾ ಎಎಫ್‌ನಲ್ಲೇ ಇರುವವರ ನಾಡಿ ಎಂದೂ ತಾಳಕ್ಕೆ ಸಿಗುವುದಿಲ್ಲ. ಅಂಥವರ ನಾಡಿ ಒಂದು ದಿನ ಗಡಿಯಾರದಂತೆ ಕ್ರಮವಾಗಿ ನಿಮಿಷಕ್ಕೆ 35ರಿಂದ 45 ಬಡಿಯತೊಡಗಿದರೆ "ಎಎಫ್ ವಾಸಿಯಾಯಿತು" ಎಂದು ಖುಷಿಪಡಬೇಡಿ. ಮೇಲಿನಿಂದ ಕೆಳಕ್ಕೆ ದಾರಿ ಪೂರ್ತಿ ಮುಚ್ಚಿ, ಕೆಳಗಿನ ಕೋಣೆ ತನ್ನಷ್ಟಕ್ಕೆ ತಾನೇ ಬಡಿಯುತ್ತಿದೆ ಎಂಬುದರ ಗುರುತು ಅದು. ಅಂದೇ ಆಸ್ಪತ್ರೆಗೆ ಹೋಗಬೇಕು. ಡಿಗಾಕ್ಸಿನ್ ವಿಷವಾದಾಗಲೂ ಹೀಗಾಗುತ್ತದೆ. ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ನೋಡಿದ್ದೆಲ್ಲ ಹಳದಿ ಹಸಿರಾಗಿ ಕಾಣುವುದು ಇರಬಹುದು. (ಈ ಹಳದಿ ನೋಟವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿಟ್ಟಿದ್ದಾನೆ.) ಹಾಗೆಯೇ ನಾಡಿ ಕ್ರಮವಾಗಿ, ಕದಲದೆ 150ರ ಆಸುಪಾಸಿನಲ್ಲಿ ನಿಂತಿದ್ದರೆ ಅದು ಎಎಫ್ ಅಲ್ಲ, ಫ್ಲಟರ್ ಇರಬಹುದು.

ನಾಡಿಯನ್ನು 60ಕ್ಕೋ 70ಕ್ಕೋ ಇಳಿಸಲೇಬೇಕೆಂಬ ಹಟ ಎಲ್ಲರಿಗೂ ಬೇಕಿಲ್ಲ. 2010ರಲ್ಲಿ ಪ್ರಕಟವಾದ ರೇಸ್–2 ಅಧ್ಯಯನದಲ್ಲಿ ವಿಶ್ರಾಂತಿಯ ನಾಡಿಯನ್ನು 110ರ ಒಳಗೆ ಇಟ್ಟವರಿಗೂ 80ರ ಒಳಗೆ ಇಟ್ಟವರಿಗೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಿಶ್ರಾಂತಿಯಲ್ಲಿ 55 ಇದ್ದು ಆಗಾಗ ಬವಳಿ ಬರುತ್ತಿದ್ದರೆ, ಮಾತ್ರೆ ಅತಿಯಾಯಿತೇ ಎಂದು ಡಾಕ್ಟರಲ್ಲಿ ಕೇಳುವುದು ನ್ಯಾಯ.

ಎದ್ದು ನಿಂತಾಗ

ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯತ್ತ ಜಾರುತ್ತದೆ. ರಕ್ತನಾಳಗಳು ಬಿಗಿಯಾಗಿ, ಹೃದಯ ತುಸು ವೇಗವಾಗಿ ಅದನ್ನು ಸರಿದೂಗಿಸಬೇಕು. ಬೀಟಾ ಬ್ಲಾಕರ್ ಆ ವೇಗವನ್ನು ತಡೆಯುತ್ತದೆ, ಬಿಪಿ ಮಾತ್ರೆ ಬಿಗಿತವನ್ನು ಸಡಿಲಿಸುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆ ರಕ್ತದ ಪ್ರಮಾಣವನ್ನೇ ಇಳಿಸುತ್ತದೆ. ಎಎಫ್ ಇರುವ ಹಿರಿಯರು ಹಲವರು ಈ ಮೂರನ್ನೂ ಒಟ್ಟಿಗೆ ನುಂಗುತ್ತಿರುತ್ತಾರೆ.

ಮನೆಯಲ್ಲೇ ನೋಡಬಹುದು. ಐದು ನಿಮಿಷ ಅಂಗಾತ ಮಲಗಿ ಬಿಪಿ ಅಳೆಯಿರಿ. ಎದ್ದು ನಿಂತು ಒಂದನೆಯ ನಿಮಿಷಕ್ಕೊಮ್ಮೆ, ಮೂರನೆಯ ನಿಮಿಷಕ್ಕೊಮ್ಮೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ಇರಲಿ, ಹಿಂದೆ ಕುರ್ಚಿ ಇರಲಿ. ಪಟ್ಟಿ ಕಟ್ಟಿದ ತೋಳು ಎರಡೂ ಸಲ ಎದೆಯ ಮಟ್ಟದಲ್ಲಿರಲಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಕೆಳಗಿನದು 10 ಅಥವಾ ಹೆಚ್ಚು ಇಳಿದರೆ, ಅಥವಾ ಮೇಲಿನದು 90ಕ್ಕಿಂತ ಕೆಳಗೆ ಬಂದರೆ ಉತ್ತರ ಸಿಕ್ಕಿತು. ಮಧ್ಯಾಹ್ನ ಮಾಡಿದ ಪರೀಕ್ಷೆ ಸರಿಯಿದ್ದರೆ ಅಲ್ಲಿಗೇ ಬಿಡಬೇಡಿ. ಬೆಳಗ್ಗೆ ಹಾಸಿಗೆ ಬಿಡುವ ಮೊದಲು, ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ, ಹೊಟ್ಟೆ ತುಂಬ ಊಟದ ನಂತರ, ಹೀಗೆ ಬವಳಿ ಬರುವ ಹೊತ್ತಿಗೇ ಮಾಡಿದರೆ ಸಿಕ್ಕಿಬೀಳುತ್ತದೆ.

ಎಎಫ್‌ನಲ್ಲಿ ಬಿಪಿ ಯಂತ್ರದ ಒಂದು ಅಂಕಿಯನ್ನು ನಂಬುವಂತಿಲ್ಲ. ಒಂದೊಂದು ಬಡಿತದ ಬಲ ಒಂದೊಂದು ಥರ ಇರುವುದರಿಂದ ಒಂದೇ ನಿಮಿಷದಲ್ಲಿ ಅಂಕಿ 15–20 ಹೆಚ್ಚುಕಡಿಮೆಯಾಗಬಹುದು. ಮಲಗಿದ್ದಾಗ ನಿಮಿಷಕ್ಕೊಂದರಂತೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ನಿಂತ ಅಳತೆಯನ್ನು ಬೇರೆ ಬೇರೆ ದಿನ ಮತ್ತೆ ಮಾಡಿ ನೋಡಿ. ಯಂತ್ರ, ಆಕ್ಸಿಮೀಟರ್, ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆಯೂ ಅಷ್ಟೇ. ಸರಿಯಾಗಿ ತುಂಬದೆ ಬಡಿದ ಬಡಿತ ಮಣಿಕಟ್ಟಿಗೆ ತಲುಪುವುದಿಲ್ಲ. ಹೃದಯ 140 ಬಡಿಯುತ್ತಿದ್ದರೂ ಕೈಯಲ್ಲಿ 100 ಸಿಗಬಹುದು. ನಿಜ ಬೇಕಾದರೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ 60 ಸೆಕೆಂಡು ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಕ್ರಮವಾದ ನಾಡಿಗೆ ಸರಿ, ಎಎಫ್‌ಗೆ ಅಲ್ಲ.

ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ

ಬವಳಿಯ ತನಿಖೆಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಫಲ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಹೃದಯದ ಡಾಕ್ಟರ್ ಬರೆದದ್ದಷ್ಟೇ ಅಲ್ಲ, ಮನೆಯಲ್ಲಿರುವ ಎಲ್ಲ ಔಷಧಿ, ಹನಿ, ಮುಲಾಮು ಸಮೇತ ತೆಗೆದುಕೊಂಡು ಹೋಗಿ.

ಹನಿ ಎಂದೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಕೂಡ ಬೀಟಾ ಬ್ಲಾಕರೇ. ಅದು ಕಣ್ಣಿನಿಂದ ಮೂಗಿಗಿಳಿದು ಅಲ್ಲಿಂದ ನೇರ ರಕ್ತ ಸೇರಿ ನಾಡಿಯನ್ನು ಇಳಿಸುತ್ತದೆ. ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ನುಂಗುವವರಿಗೆ ಇದು ಎರಡನೆಯ ಡೋಸ್ ಇದ್ದಂತೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿದರೆ ಒಳಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮರೆವಿಗೆ ಕೊಡುವ ಡೊನೆಪೆಜಿಲ್ ನಾಡಿಯನ್ನು ನಿಧಾನಗೊಳಿಸುತ್ತದೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ನಿಂತಾಗ ಬಿಪಿ ಇಳಿಸುತ್ತದೆ. ಇವುಗಳ ಹೆಸರು ಹೃದಯದ ಫೈಲಿನಲ್ಲಿ ಇರುವುದೇ ಅಪರೂಪ, ಬರೆದವರು ಬೇರೆ ಡಾಕ್ಟರಲ್ಲವೇ!

ಬೀಟಾ ಬ್ಲಾಕರ್ ಜೊತೆ ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಸೇರಿದರೆ ಎವಿ ನೋಡ್ ಪೂರ್ತಿ ಮಲಗಿಬಿಡಬಹುದು. ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಬರೆದಾಗ ಇದು ನಡೆಯುತ್ತದೆ. ಲಯ ಸರಿಪಡಿಸುವ ಅಮಿಯೊಡರೋನ್ ಶುರುಮಾಡಿದರೆ ಡಿಗಾಕ್ಸಿನ್ ರಕ್ತದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಹಾಗಾಗಿ ಅದರ ಡೋಸ್ ಅರ್ಧಕ್ಕಿಳಿಸುವುದು ರೂಢಿ; ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಪ್ರಭಾವವೂ ಏರುವುದರಿಂದ ಐಎನ್‌ಆರ್ (ಆ ಪ್ರಭಾವ ಅಳೆಯುವ ರಕ್ತಪರೀಕ್ಷೆ) ಬೇಗ ಬೇಗ ನೋಡಬೇಕು. ಕೆಮ್ಮು ಕಫಕ್ಕೆ ಬರೆಯುವ ಕ್ಲಾರಿಥ್ರೊಮೈಸಿನ್ ಕೂಡ ಡಿಗಾಕ್ಸಿನ್ ಏರಿಸುತ್ತದೆ. ಡಿಗಾಕ್ಸಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಎರಡು ದಿನ ವಾಂತಿಭೇದಿಯಾಗಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ರಕ್ತದಲ್ಲಿ ಹೆಚ್ಚುವ ಅಂಶ) ಏರಿದರೆ ನಿನ್ನೆಯವರೆಗೆ ಸರಿಯಿದ್ದ ಡೋಸ್ ಇಂದು ವಿಷ. ಇನ್ನೊಂದು ಬೀಟಾ ಬ್ಲಾಕರ್ ಕಾರ್ವೆಡಿಲೋಲ್ ಅನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಬೇಗ ರಕ್ತಕ್ಕೆ ಸೇರಿ ನಿಂತಾಗ ಬಿಪಿ ಬೀಳುತ್ತದೆ. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ತೊಂದರೆ ತಾನಾಗಿ ತಪ್ಪುತ್ತದೆ. ಬಿಪಿಯ ಎಲ್ಲ ಮಾತ್ರೆಗಳನ್ನೂ ಬೆಳಗ್ಗೆ ಎಂಟಕ್ಕೆ ಒಟ್ಟಿಗೆ ನುಂಗಿ ಹತ್ತಕ್ಕೆ ಬವಳಿ ಬರುವವರಿಗೆ, ಕೆಲವನ್ನು ರಾತ್ರಿಗೆ ಸರಿಸಬಹುದೇ ಎಂದು ಕೇಳುವುದು ಒಳ್ಳೆಯದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಹಾಗೆಯೇ ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸಲೂಬೇಡಿ, ಓಟ ದುಪ್ಪಟ್ಟಾಗಿ ಮರಳುತ್ತದೆ.

ಲಯ ಕಾಪಾಡಲು ಕೊಡುವ ಸೋಟಲಾಲ್ ಬಗ್ಗೆ ಪ್ರತ್ಯೇಕ ಎಚ್ಚರ. ಅದು ಇಸಿಜಿಯ ಕ್ಯೂಟಿ ಅಂತರವನ್ನು (ಒಂದು ಬಡಿತದ ನಂತರ ಕೆಳಗಿನ ಕೋಣೆಗಳ ವಿದ್ಯುತ್ ಮತ್ತೆ ಸಜ್ಜಾಗಲು ಹಿಡಿಯುವ ಸಮಯವನ್ನು) ಉದ್ದ ಮಾಡುತ್ತದೆ. 500 ಮಿಲಿಸೆಕೆಂಡು ದಾಟಿದರೆ, ಅದರಲ್ಲೂ ಪೊಟ್ಯಾಸಿಯಂ ಮೆಗ್ನೀಸಿಯಂ ಇಳಿದಿದ್ದರೆ, ಕೆಳಗಿನ ಕೋಣೆಯಲ್ಲೇ ಟೊರ್ಸಾಡ್ ಎಂಬ ಅಪಾಯಕಾರಿ ಓಟ ಶುರುವಾಗಿ, ತಾನೇ ನಿಂತರೆ ಬವಳಿ, ನಿಲ್ಲದಿದ್ದರೆ ಸಾವು. ಸೋಟಲಾಲ್ ತೆಗೆದುಕೊಳ್ಳುವವರಿಗೆ ಭೇದಿಯಾಗಿ ಬವಳಿ ಬಂದರೆ "ನಿಶ್ಶಕ್ತಿ" ಎಂದು ಮಲಗಿಸದೆ ಅಂದೇ ಇಸಿಜಿ, ಪೊಟ್ಯಾಸಿಯಂ ನೋಡಿಸಬೇಕು.

ಆ ಹೊತ್ತಿಗೆ

ಮೊದಲ ಕೆಲಸ ತಲೆಯನ್ನು ಹೃದಯದ ಮಟ್ಟಕ್ಕೆ ತರುವುದು. ನಿಂತಲ್ಲೇ ಗೋಡೆಗೆ ಒರಗಿ "ಸರಿಹೋಗುತ್ತೆ" ಎಂದು ಕಾಯಬೇಡಿ. ನೆಲವೇ ಆಗಲಿ, ಮಲಗಿ, ಕಾಲನ್ನು ಕುರ್ಚಿಯ ಮೇಲಿಡಿ. ಮಲಗಲು ಜಾಗವಿಲ್ಲದಿದ್ದರೆ ಕೂತು ತಲೆಯನ್ನು ಮೊಣಕಾಲ ನಡುವೆ ಬಗ್ಗಿಸಿ. ಸುತ್ತಲಿನವರು ಎಬ್ಬಿಸಿ ಕೂರಿಸಲು, ನಿಲ್ಲಿಸಿ ನಡೆಸಲು ನೋಡುತ್ತಾರೆ, ಪ್ರೀತಿಯಿಂದಲೇ. ಬಿಡಬೇಡಿ. ಉಸಿರು ಕಟ್ಟಿದಂತಾಗುವ ಹೃದ್ರೋಗಿಗೆ ಮಾತ್ರ ಬೆನ್ನಿಗೆ ದಿಂಬು ಕೊಟ್ಟು ಒರಗಿಸಬೇಕಾಗಬಹುದು.

ನಿಂತಾಗಿನ ಬಿಪಿ ಕುಸಿತವಾದರೆ ಕಾಲುಗಳನ್ನು ಕತ್ತರಿಯಾಗಿ ಹಾಕಿ ತೊಡೆ, ಪೃಷ್ಠ, ಹೊಟ್ಟೆಯನ್ನು ಬಿಗಿಹಿಡಿಯುವುದು, ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿ ಜಗ್ಗುವುದು ಕೆಲಸ ಮಾಡುತ್ತದೆ. ಹಿಂಡಿದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಲುಗಡೆಗೆ ಇದರಿಂದ ಉಪಯೋಗವಿಲ್ಲ, ಮಲಗುವುದೇ ಸರಿ. ಉಸಿರು ಹಿಡಿದು ತಿಣುಕುವುದು, ಮುಖಕ್ಕೆ ತಣ್ಣೀರು, ಕತ್ತಿನ ನಾಡಿ ಒತ್ತುವುದು, ಇವು ಬೇರೆ ಥರದ ಓಟಗಳಿಗೆ ಹೇಳಿದ ಉಪಾಯಗಳು. ಎಎಫ್ ಅನ್ನು ನಿಲ್ಲಿಸುವುದಿಲ್ಲ. ಕತ್ತಿನ ರಕ್ತನಾಳದಲ್ಲಿ ಕೊಬ್ಬಿನ ಗಟ್ಟಿ ಇರುವ ಹಿರಿಯರಲ್ಲಿ ಒತ್ತುವುದರಿಂದ ಪಾರ್ಶ್ವವಾಯುವಿಗೆ ದಾರಿಯಾಗಬಹುದು.

ಮಲಗಿದ ಮೇಲೆ, ಕೈ ಆಡುವಂತಿದ್ದರೆ, ನಾಡಿ ಹಿಡಿದು ನೋಡಿ ಅಥವಾ ಇಸಿಜಿ ಇರುವ ಕೈಗಡಿಯಾರದಲ್ಲಿ 30 ಸೆಕೆಂಡು ದಾಖಲಿಸಿ. ಅದು ಹಿಡಿಯುವುದು ಬವಳಿ ಮುಗಿದ ಮೇಲಿನ ಲಯವನ್ನು ಎಂಬುದು ನೆನಪಿರಲಿ. ನಿಲುಗಡೆ ಆಗಲೇ ಕಳೆದುಹೋಗಿರುತ್ತದೆ. ದಾಖಲೆ ಚೆನ್ನಾಗಿದೆ ಎಂಬುದು ಹೃದಯ ಚೆನ್ನಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ರಕ್ತದ ಸಕ್ಕರೆಯನ್ನೂ ಆಗಲೇ ನೋಡಿಬಿಡಲಿ. ಸರಿಯಾಯಿತೆಂದು ಒಮ್ಮೆಲೇ ಏಳಬೇಡಿ. ಹತ್ತು ನಿಮಿಷ ಮಲಗಿ, ಎರಡು ನಿಮಿಷ ಕೂತು, ಆಮೇಲೆ.

ಆಮೇಲೆ ಬರೆದಿಡಿ, ನೆನಪು ಹಸಿಯಾಗಿರುವಾಗಲೇ: ಎಷ್ಟು ಹೊತ್ತಿಗೆ, ಮಲಗಿದ್ದಿರೋ ಕೂತಿದ್ದಿರೋ ನಿಂತು ಎಷ್ಟು ನಿಮಿಷವಾಗಿತ್ತೋ, ಡವಡವ ಮೊದಲೋ ಕತ್ತಲೆ ಮೊದಲೋ, ಕೊನೆಯ ಮಾತ್ರೆ ಯಾವುದು ಎಷ್ಟಕ್ಕೆ, ಎಷ್ಟು ಸೆಕೆಂಡಿನಲ್ಲಿ ಸರಿಯಾಯಿತು. ನೋಡಿದವರಿದ್ದರೆ ಮುಖ ಬಿಳುಚಿತ್ತೇ ಎಂದು ಕೇಳಿ. ಕೂತಾಗ ಅಥವಾ ಮಲಗಿದ್ದಾಗ ಬಂದ ಬವಳಿ, ಮುನ್ಸೂಚನೆಯಿಲ್ಲದೆ ಸ್ವಿಚ್ ಆರಿಸಿದಂತೆ ಬಂದ ಬವಳಿ, ದುಡಿಮೆಯ ಅಥವಾ ನಡಿಗೆಯ ನಡುವೆ ಬಂದ ಬವಳಿ, ಈ ಮೂರೂ ಹೃದಯದತ್ತಲೇ ಬೆರಳು ತೋರುತ್ತವೆ.

ಯಂತ್ರದ ಆಯ್ಕೆ ಬವಳಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೆ. ದಿನವೂ ಬರುವವರಿಗೆ 24ರಿಂದ 48 ಗಂಟೆಯ ಹೋಲ್ಟರ್ ಸಾಕು. ವಾರಕ್ಕೊಮ್ಮೆಯಾದರೆ ಎದೆಗೆ ಅಂಟಿಸುವ ಎರಡು ವಾರದ ಪ್ಯಾಚ್. ಎರಡು ಮೂರು ತಿಂಗಳಿಗೊಮ್ಮೆಯಾದರೆ ಚರ್ಮದಡಿ ಇಡುವ ಚಿಕ್ಕ ಲೂಪ್ ರೆಕಾರ್ಡರ್. ಅದು ಎರಡು ಮೂರು ವರ್ಷ ಕಾಯುತ್ತದೆ. ತಿಂಗಳಿಗೊಮ್ಮೆ ಬರುವ ಬವಳಿಗೆ ಒಂದು ದಿನದ ಹೋಲ್ಟರ್ ಕಟ್ಟಿ "ನಾರ್ಮಲ್" ಎಂದು ಕಳಿಸುವುದರಲ್ಲಿ ಅರ್ಥವಿಲ್ಲ. ಕಟ್ಟಿಕೊಂಡಿರುವಾಗ ಬವಳಿ ಬಂದರೆ ಬಟನ್ ಒತ್ತಿ, ಗಂಟೆ ಬರೆದಿಡಿ.

ತಕ್ಷಣ ಆಂಬ್ಯುಲೆನ್ಸ್ ಕರೆಯಬೇಕಾದದ್ದು: ಎದೆನೋವು ಅಥವಾ ಏದುಸಿರು ಜೊತೆಗಿದ್ದರೆ, ಮಲಗಿದರೂ ಕತ್ತಲೆ ಬಿಡದಿದ್ದರೆ, ಪೂರ್ತಿ ಎಚ್ಚರ ತಪ್ಪಿದರೆ, ನಾಡಿ 40ಕ್ಕಿಂತ ಕಡಿಮೆ ಅಥವಾ 150ರ ಮೇಲೆಯೇ ನಿಂತಿದ್ದರೆ, ಕಪ್ಪು ಮಲ ಹೋಗಿದ್ದರೆ. ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು ಇದ್ದರೆ ಅದು ಬವಳಿಯಲ್ಲ, ಪಾರ್ಶ್ವವಾಯು. ನಿಮಿಷ ನಿಮಿಷಕ್ಕೂ ಬೆಲೆಯಿದೆ. ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಿ ತಲೆಯ ಸಿಟಿ ಸ್ಕ್ಯಾನ್ ಬಗ್ಗೆ ಕೇಳಬೇಕು. ಒಳಗಿನ ರಕ್ತ ಗಂಟೆಗಳ ನಂತರ ಹರಡಬಹುದು.

ಹಾಗೆಂದು ಬೀಳುವ ಭಯಕ್ಕೆ ಆ ಮಾತ್ರೆಯನ್ನೇ ನಿಲ್ಲಿಸುವುದು ತಪ್ಪು ಲೆಕ್ಕ. 1999ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪ್ರಕಾರ, ವಾರ್ಫರಿನ್ ತೆಗೆದುಕೊಳ್ಳುವ ಎಎಫ್ ರೋಗಿ ವರ್ಷಕ್ಕೆ ಸುಮಾರು 295 ಸಲ ಬಿದ್ದರೆ ಮಾತ್ರ ತಲೆಯೊಳಗಿನ ರಕ್ತಸ್ರಾವದ ಅಪಾಯ ಮಾತ್ರೆಯ ಲಾಭವನ್ನು ಮೀರುತ್ತದೆ. ಅದು ಕಾಗದದ ಮೇಲಿನ ಲೆಕ್ಕವೇ ಸರಿ, ಆದರೂ ತಕ್ಕಡಿ ಯಾವ ಕಡೆ ವಾಲಿದೆ ಎಂದು ತೋರಿಸುತ್ತದೆ. ನಿಲ್ಲಿಸಬೇಕಾದದ್ದು ಬೀಳುವುದನ್ನು. ರಾತ್ರಿ ಎದ್ದರೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ ಏಳುವುದು, ಗಂಡಸರೂ ರಾತ್ರಿ ಕೂತೇ ಮೂತ್ರ ಮಾಡುವುದು, ಬಚ್ಚಲಲ್ಲಿ ಸ್ಟೂಲ್ ಇಟ್ಟು ತೀರಾ ಬಿಸಿಯಲ್ಲದ ನೀರಿನಲ್ಲಿ ಸ್ನಾನ, ಬಾಗಿಲಿಗೆ ಒಳಗಿನ ಚಿಲಕ ಹಾಕದಿರುವುದು. ನೀರು ಕಡಿಮೆ ಕುಡಿಯಿರೆಂದು ಡಾಕ್ಟರ್ ಹೇಳಿರದಿದ್ದರೆ, ಏಳುವ ಮೊದಲು ಅರ್ಧ ಲೀಟರ್ ನೀರನ್ನು ಬೇಗ ಕುಡಿಯುವುದು ನಿಂತಾಗಿನ ಬಿಪಿಯನ್ನು ಸ್ವಲ್ಪ ಹೊತ್ತು ಎತ್ತಿಹಿಡಿಯುತ್ತದೆ. ಕಾರಣ ತಿಳಿಯುವವರೆಗೆ ಗಾಡಿ ಓಡಿಸುವುದು, ಏಣಿ ಹತ್ತುವುದು, ಒಬ್ಬರೇ ಈಜುವುದು ಬೇಡ.

ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೂ ಬವಳಿ ಬಂದು "ಯಂತ್ರ ಕೆಟ್ಟಿದೆ" ಎಂದು ಗಾಬರಿಯಾಗುವವರಿದ್ದಾರೆ. ಅದನ್ನು ಪ್ರೋಗ್ರಾಮರ್ ಯಂತ್ರಕ್ಕೆ ಜೋಡಿಸಿ ನೋಡಿದರೆ, ಸೆಟ್ಟಿಂಗ್ ಸರಿಯಿದ್ದಲ್ಲಿ, ಆ ದಿನ ಆ ಗಂಟೆಗೆ ಎಎಫ್ ಓಡಿತ್ತೇ, ಎಷ್ಟು ವೇಗವಿತ್ತು, ಎಷ್ಟು ಹೊತ್ತಿತ್ತು ಎಂಬುದು ಅದರೊಳಗೇ ಸಿಗುತ್ತದೆ. ಯಂತ್ರದ ದಾಖಲೆಯಲ್ಲಿ ಏನೂ ಇಲ್ಲವೆಂದರೆ ಹೆಚ್ಚಾಗಿ ನಾಡಿ ಸರಿಯಿತ್ತು, ಕುಸಿದದ್ದು ಬಿಪಿ. ಪೇಸ್‌ಮೇಕರ್ ನಾಡಿ ನಿಲ್ಲದಂತೆ ಕಾಯುತ್ತದೆಯೇ ಹೊರತು ರಕ್ತನಾಳವನ್ನು ಬಿಗಿಹಿಡಿಯಲಾರದು. ಆಗ ಮತ್ತೆ ಐದು ನಿಮಿಷ ಮಲಗಿ, ಎದ್ದು ನಿಂತು, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಬಿಪಿ ಅಳೆಯುವುದರಿಂದಲೇ ಶುರುಮಾಡಬೇಕು.